ಮಾತ್ರೆಗೆ ಮುಂಚೆ ಜೀನ್ ಪರೀಕ್ಷೆ: ಹಾಸನದವರು ಕೊಡುವ ದುಡ್ಡು ಎಲ್ಲಿ ಸಾರ್ಥಕ, ಎಲ್ಲಿ ದಂಡ

ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಉಜ್ಜಿ ತೆಗೆದ ಸ್ಯಾಂಪಲ್, ಇಲ್ಲವೇ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಮೂರು ಎಂಎಲ್ ರಕ್ತ. ಅದು ಕೊರಿಯರ್‌ನಲ್ಲಿ ಹಾಸನದಿಂದ ದೊಡ್ಡ ಊರಿನ ಲ್ಯಾಬಿಗೆ ಹೋಗುತ್ತದೆ. ಎರಡು ಮೂರು ವಾರ ಬಿಟ್ಟು ಮೊಬೈಲಿಗೆ ಹತ್ತಾರು ಪುಟಗಳ ಪಿಡಿಎಫ್ ಬರುತ್ತದೆ. 'ನಿಮ್ಮ ಮೈಗೆ ಯಾವ ಮಾತ್ರೆ ಹಿಡಿಸುತ್ತದೆ, ಯಾವುದು ಹಿಡಿಸುವುದಿಲ್ಲ' ಎಂದು ಜೀನ್ ನೋಡಿ ಹೇಳುವ ಫಾರ್ಮಾಕೊಜೀನೋಮಿಕ್ಸ್ ಸೇವೆ ಎಂದರೆ ಇಷ್ಟೇ. ಲ್ಯಾಬನ್ನೂ ಪ್ಯಾಕೇಜನ್ನೂ ನೋಡಿಕೊಂಡು ಬೆಲೆ ಕೆಲವು ಸಾವಿರದಿಂದ ಹತ್ತು ಸಾವಿರ ದಾಟುವವರೆಗೂ ಇದೆ. ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ. ಫ್ಯಾಮಿಲಿ ಡಾಕ್ಟರ ಹತ್ತಿರ ಔಷಧ ಬರೆಸಿಕೊಳ್ಳುವ ಸಾಮಾನ್ಯ ರೋಗಿಗೆ ಈ ಸೇವೆಯಿಂದ ಏನು ದಕ್ಕುತ್ತದೆ ಎಂಬುದರ ಲೆಕ್ಕಾಚಾರ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯಾವ ಔಷಧ ಶುರು ಮಾಡಬೇಕೆಂದು ಡಾಕ್ಟರು ಯೋಚಿಸುತ್ತಿದ್ದಾರೋ ಅದನ್ನು ಮೊದಲು ತಿಳಿದುಕೊಳ್ಳಿ, ಅದಕ್ಕೆ ಸಂಬಂಧಪಟ್ಟ ಜೀನನ್ನು ಮಾತ್ರ ಪರೀಕ್ಷೆ ಮಾಡಿಸಿ. ಹಾಗೆ ಮಾಡಿಸಿದರೆ ಕೆಲವು ಔಷಧಗಳ ಮಟ್ಟಿಗೆ ಇದು ಜೀವ ಉಳಿಸುವ ಪರೀಕ್ಷೆ. 'ನೂರಕ್ಕೂ ಹೆಚ್ಚು ಔಷಧಗಳ ಮಾಹಿತಿ' ಎಂಬ ಆಸೆಗೆ ಬಿದ್ದು ಹಲವು ಜೀನುಗಳನ್ನು ಒಟ್ಟಿಗೆ ನೋಡುವ ದೊಡ್ಡ ಪ್ಯಾನೆಲ್ ಕೊಂಡರೆ ಬಹುಪಾಲು ದುಡ್ಡು ಕಾಗದಕ್ಕೆ ಹೋಗುತ್ತದೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು, ಏಕೆಂದರೆ ಹಾಸನದಲ್ಲಿ ಅದಕ್ಕೆ ಕಾರಣವಿದೆ. 2025ರ ಜೂನ್, ಜುಲೈನಲ್ಲಿ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾದಾಗ ಜನ ಗಾಬರಿಯಿಂದ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. 'ಹಾರ್ಟ್ ಜೀನ್ ಟೆಸ್ಟ್' ಎಂದರೆ ಸಾಕು, ಜನ ಕಿವಿಗೊಡುತ್ತಾರೆ. ಔಷಧದ ಜೀನ್ ಪರೀಕ್ಷೆ ಯಾರಿಗೆ ಹೃದಯಾಘಾತ ಆಗುತ್ತದೆ ಎಂದು ಹೇಳುವುದಿಲ್ಲ. ಅದಕ್ಕೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ ಸಿಗರೇಟಿನ ಲೆಕ್ಕವೇ ಸಾಕು, ಅದು ಅಗ್ಗ ಕೂಡ. ಹೃದಯದ ಮಟ್ಟಿಗೆ, ಹೃದಯಾಘಾತ ಆದ ಮೇಲೆ ಬರೆಯುವ ಒಂದು ಮಾತ್ರೆಯ ವಿಷಯದಲ್ಲಿ ಮಾತ್ರ ಈ ಪರೀಕ್ಷೆಗೆ ನಿಜವಾದ ಬೆಲೆ ಇದೆ.

ಆ ಮಾತ್ರೆ ಕ್ಲೊಪಿಡೊಗ್ರೆಲ್. ಸ್ಟೆಂಟ್ ಹಾಕಿಸಿಕೊಂಡವರ, ಪಾರ್ಶ್ವವಾಯು ತಗುಲಿದವರ ಚೀಟಿಯಲ್ಲಿ 75 ಎಂಜಿ ಎಂದು ಇರುತ್ತದೆ. ನುಂಗಿದ ರೂಪದಲ್ಲಿ ಅದಕ್ಕೆ ಶಕ್ತಿಯಿಲ್ಲ. ಲಿವರ್‌ನಲ್ಲಿರುವ ಸಿವೈಪಿ2ಸಿ19 ಎಂಬ ಕಿಣ್ವ ಅದನ್ನು ಮಾರ್ಪಡಿಸಿದ ಮೇಲೆಯೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ಅದು ತಡೆಯುತ್ತದೆ. ಈ ಕಿಣ್ವದ ಜೀನಿಗೆ ಸ್ಟಾರ್ 2 (*2), ಸ್ಟಾರ್ 3 (*3) ಎಂಬ ಕೆಲಸ ಮಾಡದ ರೂಪಗಳಿವೆ. ಸ್ಟಾರ್ 2 ನಮ್ಮ ಕಡೆ ಅಪರೂಪವೇನಲ್ಲ. ದಕ್ಷಿಣ ಏಷ್ಯಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಅಪ್ಪನಿಂದ ಅಮ್ಮನಿಂದ ಒಂದೊಂದರಂತೆ ಬರುವ ಎರಡು ಪ್ರತಿಗಳಲ್ಲಿ ಕನಿಷ್ಠ ಒಂದು ಇದೇ ಆಗಿರುತ್ತದೆ. ಹತ್ತರಲ್ಲಿ ಒಬ್ಬರಿಗೆ ಹೆಚ್ಚುಕಡಿಮೆ ಎರಡೂ ಪ್ರತಿಗಳು ಅದೇ ಆಗಿರುತ್ತವೆ. ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರೆ ತಪ್ಪದೆ ನುಂಗಿದರೂ ರಕ್ಷಣೆ ಬಹಳ ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ 2010ರಲ್ಲೇ ಔಷಧದ ಲೇಬಲ್ಲಿನಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಪಾರ್ಶ್ವವಾಯುವಿನ ನಂತರ ಕ್ಲೊಪಿಡೊಗ್ರೆಲ್ ಕೊಡುವ ಮುಂಚೆ ಈ ಜೀನನ್ನು ನೋಡಬೇಕು ಎಂದು ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2024ರ ಜುಲೈನಲ್ಲಿ ಶಿಫಾರಸು ಮಾಡಿತು.

ತುರ್ತಿನಲ್ಲಿ ಇದಕ್ಕೆ ಕಾಯುವ ಪ್ರಶ್ನೆಯೇ ಇಲ್ಲ. ಎದೆನೋವೆಂದು ಸಕಲೇಶಪುರದ ಅಥವಾ ಅರಕಲಗೂಡಿನ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಇಸಿಜಿ ತೆಗೆದು, ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ನುಂಗಿಸುವುದೇ ಸರಿ. ಜೀನಿನ ಮಾತು ಬರುವುದು ಆಮೇಲೆ, ತಿಂಗಳುಗಟ್ಟಲೆ ಯಾವ ಮಾತ್ರೆ ಮುಂದುವರಿಸಬೇಕು ಎಂಬಲ್ಲಿ. ಸ್ಟೆಂಟಿನಲ್ಲಿ ಹೆಪ್ಪುಗಟ್ಟುವ ಅಪಾಯ ಮೊದಲ ತಿಂಗಳಲ್ಲೇ ಹೆಚ್ಚು. ಆದ್ದರಿಂದ ಡಿಸ್ಚಾರ್ಜ್ ಆಗುವ ಮುಂಚೆಯೇ ಸ್ಯಾಂಪಲ್ ಕೊಡಬೇಕು. ದೊಡ್ಡ ಪ್ಯಾನೆಲ್ ಕೇಳದೆ ಸಿವೈಪಿ2ಸಿ19 ಒಂದನ್ನೇ ಕೇಳಿ; ಒಂದೇ ಜೀನಾದರೆ ಫಲಿತಾಂಶ ಬೇಗ ಬರುತ್ತದೆ, ದುಡ್ಡೂ ಉಳಿಯುತ್ತದೆ. ಕೆಟ್ಟ ಪ್ರತಿ ಕಂಡರೆ ಬದಲಿ ಔಷಧಗಳಿವೆ, ಆದರೆ ಯಾವುದೂ ತೊಡಕಿಲ್ಲದ್ದಲ್ಲ. ಪ್ರಾಸುಗ್ರೆಲ್ ದಿನಕ್ಕೊಂದು ಮಾತ್ರೆ. ಹಿಂದೆ ಪಾರ್ಶ್ವವಾಯು ಆದವರಿಗೆ ಕೊಡುವಂತಿಲ್ಲ, 75 ವರ್ಷ ದಾಟಿದವರಲ್ಲೂ 60 ಕೆಜಿಗಿಂತ ಕಡಿಮೆ ತೂಕದವರಲ್ಲೂ ರಕ್ತಸ್ರಾವದ ಭಯ ಹೆಚ್ಚು. ಟಿಕಾಗ್ರೆಲಾರ್ 90 ಎಂಜಿ ದಿನಕ್ಕೆ ಎರಡು ಸಲ ತಪ್ಪದೆ ಬೇಕು. ಕೆಲವರಿಗೆ ಅದರಿಂದ ಉಬ್ಬಸದಂಥ ಅನುಭವ ಆಗುತ್ತದೆ, ಅದನ್ನು ಹೃದಯದ ತೊಂದರೆ ಎಂದೇ ತಿಳಿದು ಮಾತ್ರೆ ಬಿಟ್ಟುಬಿಡುತ್ತಾರೆ. ವರದಿ ಕೈಗೆ ಬಂದ ತಕ್ಷಣ ಮಾತ್ರೆಯನ್ನು ತಾವೇ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಸ್ಟೆಂಟ್ ಹಾಕಿದ ಡಾಕ್ಟರನ್ನು ಕೇಳದೆ ಒಂದು ದಿನವೂ ಬಿಡಬಾರದು.

ಇಲ್ಲೇ ಒಂದು ಸಣ್ಣ, ಬಿಟ್ಟಿ ತಿದ್ದುಪಡಿ ಇದೆ. ಗ್ಯಾಸ್ ಮಾತ್ರೆಯೆಂದು ಬರೆಯುವ ಒಮೆಪ್ರಜೋಲ್, ಎಸೊಮೆಪ್ರಜೋಲ್ ಇದೇ ಕಿಣ್ವವನ್ನು ಅದುಮುತ್ತವೆ. ಜೀನ್ ಚೆನ್ನಾಗಿದ್ದರೂ ಕ್ಲೊಪಿಡೊಗ್ರೆಲ್ ಸೊರಗುತ್ತದೆ. ಪ್ಯಾಂಟೊಪ್ರಜೋಲಿಗೆ ಈ ದೋಷ ಬಹಳ ಕಡಿಮೆ. ಸಾವಿರಾರು ರೂಪಾಯಿಯ ಪರೀಕ್ಷೆಗೆ ಮೊದಲು ಚೀಟಿಯ ಈ ಒಂದು ಸಾಲನ್ನು ನೋಡಿ.

ಎರಡನೆಯ ನಿಜವಾದ ಉಪಯೋಗ ಕಾರ್ಬಮಜೆಪಿನ್ ಶುರು ಮಾಡುವ ಮುಂಚೆ. ಫಿಟ್ಸ್‌ಗೂ, ಮುಖದ ನರದ ಸೆಳೆತಕ್ಕೂ ಕೊಡುವ ಅಗ್ಗದ ಒಳ್ಳೆಯ ಔಷಧ ಅದು. ಆದರೆ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪ ಇರುವವರಲ್ಲಿ ಅದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ತರಬಹುದು: ಜ್ವರ, ಕಣ್ಣು ಕೆಂಪಾಗುವುದು, ಬಾಯಿ ತುಂಬ ಹುಣ್ಣು, ಆಮೇಲೆ ಸುಟ್ಟಂತೆ ಸುಲಿಯುವ ಚರ್ಮ. ತೈವಾನಿನ ಸಂಶೋಧಕರು 2004ರಲ್ಲಿ ಈ ನಂಟನ್ನು ತೋರಿಸಿದರು. 2007ರ ಡಿಸೆಂಬರಿನಲ್ಲಿ ಅಮೆರಿಕದ ಲೇಬಲ್ಲಿಗೆ ಎಚ್ಚರಿಕೆ ಸೇರಿತು. ಭಾರತೀಯರಲ್ಲಿ ಸರಾಸರಿ ನೂರಕ್ಕೆ 2ರಿಂದ 4 ಮಂದಿಯಲ್ಲಿ ಈ ರೂಪ ಇರುತ್ತದೆ, ಕೆಲವು ಗುಂಪುಗಳಲ್ಲಿ ಇನ್ನೂ ಹೆಚ್ಚು ಎಂದು ಆ ಲೇಬಲ್ ಹೇಳುತ್ತದೆ. ಈ ಪ್ರತಿಕ್ರಿಯೆ ಬಹುತೇಕ ಮೊದಲ ಕೆಲವು ವಾರಗಳಲ್ಲೇ ಬರುವುದರಿಂದ ಪರೀಕ್ಷೆ ಆಗಬೇಕಾದ್ದು ಮೊದಲ ಮಾತ್ರೆಗೆ ಮುಂಚೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಯಾವ ತೊಂದರೆಯೂ ಇಲ್ಲದೆ ನುಂಗಿದವರಿಗೆ ಈಗ ಮಾಡಿಸಿ ಹೆಚ್ಚು ಪ್ರಯೋಜನವಿಲ್ಲ. ಪಾಸಿಟಿವ್ ಬಂದರೆ ಆಕ್ಸ್‌ಕಾರ್ಬಜೆಪಿನ್ ಕೂಡ ಬೇಡ, ಫೆನಿಟಾಯಿನ್ ಕೂಡ ಬೇಡ, ಫಿಟ್ಸ್ ಆದರೆ ಲೆವೆಟಿರಾಸೆಟಮ್ ಇದೆ. ನೆಗೆಟಿವ್ ಬಂದರೂ ಮೈಮರೆಯುವಂತಿಲ್ಲ. ಬೇರೆ ಕಾರಣದಿಂದಲೂ ಚರ್ಮ ಕೆಡಬಹುದು, ಆದ್ದರಿಂದ ಮೊದಲ ಎರಡು ತಿಂಗಳು ಜ್ವರದ ಜತೆ ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು ಅಜಥಯೊಪ್ರಿನ್. ಕೀಲುವಾತ, ಕರುಳಿನ ಉರಿಯೂತ, ಚರ್ಮದ ಮೇಲೆ ಗುಳ್ಳೆ ಏಳುವ ಪೆಂಫಿಗಸ್ ಇರುವವರಿಗೆ ಸ್ಪೆಷಲಿಸ್ಟ್ ಬರೆಯುತ್ತಾರೆ, ಊರಿನ ಡಾಕ್ಟರು ಮುಂದುವರಿಸುತ್ತಾರೆ. ಹೊರದೇಶದ ಹಳೆಯ ಪದ್ಧತಿಯನ್ನು ಅನುಸರಿಸುವ ಪ್ಯಾನೆಲ್‌ಗಳು ಟಿಪಿಎಂಟಿ ಎಂಬ ಜೀನನ್ನಷ್ಟೇ ನೋಡಿ 'ನಾರ್ಮಲ್' ಎಂದು ಕಳಿಸುತ್ತವೆ. ಯುರೋಪಿನವರಲ್ಲಿ ಅದು ಸರಿಹೋಗಬಹುದು. ನಮ್ಮಲ್ಲಿ ಟಿಪಿಎಂಟಿ ದೋಷ ಕಡಿಮೆ, ಎನ್‌ಯುಡಿಟಿ15 ಎಂಬ ಇನ್ನೊಂದು ಜೀನಿನ ದೋಷ ಹೆಚ್ಚು. ಈ ಎರಡನೆಯದರ ಎರಡೂ ಪ್ರತಿ ಕೆಟ್ಟವರಿಗೆ ಸಾಮಾನ್ಯ ಡೋಸ್ ಕೊಟ್ಟರೆ ಕೆಲವೇ ವಾರಗಳಲ್ಲಿ ಬಿಳಿ ರಕ್ತಕಣ ನೆಲ ಕಚ್ಚುತ್ತದೆ. ತಲೆಕೂದಲು ಹಿಡಿ ಹಿಡಿಯಾಗಿ ಉದುರುವುದು ಅದರ ಮುನ್ಸೂಚನೆ. ಅದನ್ನು ಶಾಂಪೂವಿನ ಮೇಲೆ ಹಾಕಬೇಡಿ, ಅದೇ ದಿನ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮಾಡಿಸಿ. ಸೇವೆ ಕೊಡುವವರಿಗೆ ಕೇಳಲೇಬೇಕಾದ ಪ್ರಶ್ನೆ ಇದು: 'ಎನ್‌ಯುಡಿಟಿ15 ಇದೆಯಾ?' ಇಲ್ಲ ಎಂದರೆ ಆ ಪ್ಯಾನೆಲ್ ನಮ್ಮ ಜನಕ್ಕೆ ಮಾಡಿದ್ದಲ್ಲ, ಬೇರೆ ಲ್ಯಾಬ್ ನೋಡಿ. ಜೀನ್ ಸರಿಯಿದ್ದರೂ ಮೊದಲ ತಿಂಗಳು ವಾರಕ್ಕೊಮ್ಮೆ ಸಿಬಿಸಿ ತಪ್ಪಬಾರದು. ಗೌಟ್‌ಗೆಂದು ಮೆಡಿಕಲ್ ಶಾಪಿನಲ್ಲಿ ಕೊಂಡ ಅಲೊಪ್ಯೂರಿನಾಲ್ ಇದರ ಜತೆ ಸೇರಿದರೆ ಜೀನ್ ಎಷ್ಟು ಚೆನ್ನಾಗಿದ್ದರೂ ಅಜಥಯೊಪ್ರಿನ್ ಮೈಯಲ್ಲಿ ವಿಷದಂತೆ ಏರುತ್ತದೆ.

ಇನ್ನು ದಂಡವಾಗುವ ಕಡೆ. ಹಾಸನದ ಯಾವ ಕ್ಲಿನಿಕ್ಕಿನ ಚೀಟಿ ತೆಗೆದರೂ ಸಿಗುವುದು ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಆಮ್ಲೊಡಿಪಿನ್, ಥೈರಾಕ್ಸಿನ್, ಪ್ಯಾರಾಸಿಟಮಾಲ್. ಇವುಗಳ ಡೋಸನ್ನು ಜೀನ್ ನೋಡಿ ಬದಲಿಸುವ ಪದ್ಧತಿ ಇಲ್ಲ. ಇವಿಷ್ಟನ್ನೇ ನುಂಗುವವರು ಪ್ಯಾನೆಲ್ ಮಾಡಿಸಿದರೆ ನಾಳೆಯ ಚೀಟಿಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಕೊಲೆಸ್ಟ್ರಾಲಿನ ಸ್ಟಾಟಿನ್ ವಿಷಯ ಸ್ವಲ್ಪ ಬೇರೆ. ಎಸ್‌ಎಲ್‌ಸಿಒ1ಬಿ1 ಜೀನ್ ದುರ್ಬಲವಾಗಿದ್ದರೆ ಸಿಮ್ವಾಸ್ಟಾಟಿನ್‌ನಿಂದ ಮಾಂಸಖಂಡದ ನೋವು, ಹಾನಿ ಹೆಚ್ಚು ಎಂಬುದು 2008ರಲ್ಲೇ ಸ್ಪಷ್ಟವಾಗಿತ್ತು, ಅದೂ 80 ಎಂಜಿಯ ಭಾರೀ ಡೋಸಿನಲ್ಲಿ. ನಮ್ಮಲ್ಲಿ ಈಗ ಬರೆಯುವುದು ಬಹುತೇಕ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್. ವರದಿಯಲ್ಲಿ ಔಷಧದ ಹೆಸರಿನ ಎದುರು ಎಚ್ಚರಿಕೆಯ ಹಳದಿ ಬಣ್ಣ ಕಂಡ ಮಾತ್ರಕ್ಕೆ ಸ್ಟಾಟಿನ್ ಬಿಟ್ಟವರು ಸಣ್ಣ ಅಪಾಯಕ್ಕೆ ಹೆದರಿ ದೊಡ್ಡ ಅಪಾಯವನ್ನು ಮನೆಗೆ ಕರೆದಂತೆ. ಆ ಹಳದಿಯ ಅರ್ಥ ಕಡಿಮೆ ಡೋಸಿನಲ್ಲಿ ಶುರು ಮಾಡಿ, ಮೈಕೈ ನೋವು ಬಂದರೆ ಸಿಪಿಕೆ (ಮಾಂಸಖಂಡದ ಹಾನಿ ತೋರಿಸುವ ರಕ್ತಪರೀಕ್ಷೆ) ನೋಡಿ ಎಂದಷ್ಟೆ.

ಬಣ್ಣಗಳ ಈ ಕಾಟ ಅಮಿಟ್ರಿಪ್ಟಿಲಿನ್‌ನಲ್ಲಿ ಇನ್ನೂ ಜಾಸ್ತಿ. ನರನೋವಿಗೆ, ಮೈಗ್ರೇನಿಗೆ ರಾತ್ರಿ 10 ಎಂಜಿ ಕೊಡುವುದು ಇಲ್ಲಿಯ ರೂಢಿ. ಸಿವೈಪಿ2ಡಿ6 ಎಂಬ ಜೀನ್ ದುರ್ಬಲ ಎಂದಾದರೆ ವರದಿ ಈ ಔಷಧದ ಎದುರು ಕೆಂಪು ಚುಕ್ಕೆ ಇಡುತ್ತದೆ. ಆ ಚುಕ್ಕೆ ಖಿನ್ನತೆಗೆ ಕೊಡುವ ದೊಡ್ಡ ಡೋಸಿಗೆ ಸಂಬಂಧಿಸಿದ್ದು. ಡೋಸ್ ಚಿಕ್ಕದಿದ್ದರೆ ಬದಲಾವಣೆ ಬೇಡ ಎಂದು ಸಿಪಿಐಸಿ ಎಂಬ ಅಂತರರಾಷ್ಟ್ರೀಯ ತಜ್ಞರ ಒಕ್ಕೂಟದ ಮಾರ್ಗಸೂಚಿಯೇ ಹೇಳುತ್ತದೆ. ಡೋಸ್ ಹೇಳದೆ ಬರೀ ಬಣ್ಣ ತೋರಿಸುವ ವರದಿ ಅರ್ಧ ವರದಿ. ಖಿನ್ನತೆಯ ಔಷಧಗಳಲ್ಲಿ 'ನಿಮಗೆ ಯಾವುದು ಕೆಲಸ ಮಾಡುತ್ತದೆ' ಎಂದು ಹೇಳುತ್ತೇವೆ ಎನ್ನುವ ಪ್ಯಾಕೇಜುಗಳೂ ಇವೆ. ಎಸ್ಸಿಟಲೊಪ್ರಾಮ್, ಸೆರ್ಟ್ರಾಲಿನ್ ರಕ್ತದಲ್ಲಿ ಎಷ್ಟು ಏರಬಹುದು ಎಂಬುದನ್ನಷ್ಟೇ ಜೀನ್ ಹೇಳಬಲ್ಲದು. ಮನಸ್ಸು ಹಗುರಾಗುತ್ತದೋ ಇಲ್ಲವೋ ಎಂಬ ಭವಿಷ್ಯ ಅದರಲ್ಲಿಲ್ಲ.

ಸಿವೈಪಿ2ಡಿ6 ಬಗ್ಗೆ ಇನ್ನೊಂದು ಮಾತು, ಏಕೆಂದರೆ ಅಗ್ಗದ ಪ್ಯಾನೆಲ್‌ಗಳು ಎಡವುವುದು ಇಲ್ಲಿಯೇ. ಟ್ರಮಡಾಲ್, ಕೊಡೀನ್, ಮೆಟೊಪ್ರೊಲಾಲ್ ಈ ಜೀನಿನ ಅಧೀನ. ಕೆಲವರಲ್ಲಿ ಈ ಜೀನ್ ಪೂರ್ತಿ ಅಳಿಸಿಹೋಗಿರುತ್ತದೆ, ಕೆಲವರಲ್ಲಿ ಎರಡು ಮೂರು ಹೆಚ್ಚುವರಿ ಪ್ರತಿಗಳಿರುತ್ತವೆ, ಪಕ್ಕದಲ್ಲೇ ಇರುವ ಅದರ ನಿಷ್ಕ್ರಿಯ ಜೋಡಿಯೊಂದಿಗೆ ಕಲಸಿಹೋಗಿರುವುದೂ ಉಂಟು. ಜೀನಿನ ಬಿಡಿ ಅಕ್ಷರಗಳ ಬದಲಾವಣೆಯನ್ನಷ್ಟೇ ನೋಡುವ ಲ್ಯಾಬಿನ ಚಿಪ್ಪಿಗೆ ಇದು ಕಾಣುವುದಿಲ್ಲ. ಪ್ರತಿಗಳ ಸಂಖ್ಯೆ ಎಣಿಸಿದ್ದೀರಾ ಎಂದು ಕೇಳಿ. ಎಣಿಸಿಲ್ಲ ಎಂದಾದರೆ 'ನಾರ್ಮಲ್ ಮೆಟಬೊಲೈಸರ್' ಎಂಬ ಆ ಸಾಲನ್ನು ನಂಬಿ ಮಗುವಿಗೆ ಕೊಡೀನ್ ಸಿರಪ್ ಕೊಡಬೇಡಿ. 12 ವರ್ಷದ ಒಳಗಿನವರಿಗೆ ಅದು ಹೇಗೂ ಸಲ್ಲದು.

ವರದಿ ಬಂದಾಗ ನೋಡಬೇಕಾದ ಪುಟ ಮುಖಪುಟವಲ್ಲ. ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ ಒಂದು ಕೋಷ್ಟಕ ಇರಬೇಕು: ಯಾವ ಜೀನ್, ಅದರಲ್ಲಿ ಯಾವ ಯಾವ ರೂಪಗಳನ್ನು ಪರೀಕ್ಷಿಸಿದ್ದಾರೆ. ಒಂದು ಸಾಲನ್ನೇ ತೆಗೆದುಕೊಳ್ಳಿ. 'ಸಿವೈಪಿ2ಸಿ19: *1/*2, ಇಂಟರ್‌ಮೀಡಿಯೆಟ್ ಮೆಟಬೊಲೈಸರ್'. ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬಂದಿದೆ, ಒಂದು ಕೆಟ್ಟಿದೆ, ಆದ್ದರಿಂದ ಔಷಧವನ್ನು ಮಾರ್ಪಡಿಸುವ ಶಕ್ತಿ ನಡುಮಟ್ಟದ್ದು ಎಂದು ಇದರ ಅರ್ಥ. ಆದರೆ *1 ಎಂದರೆ 'ಸರಿಯಾಗಿದೆ' ಎಂದು ಯಾರೂ ಪರೀಕ್ಷಿಸಿ ಕಂಡದ್ದಲ್ಲ. ತಾವು ಹುಡುಕಿದ ದೋಷಗಳಲ್ಲಿ ಯಾವುದೂ ಸಿಗದಿದ್ದರೆ *1 ಎಂದು ಬರೆಯುತ್ತಾರೆ. ಎರಡೇ ದೋಷ ಹುಡುಕಿದ ಲ್ಯಾಬಿಗೂ ಇಪ್ಪತ್ತು ಹುಡುಕಿದ ಲ್ಯಾಬಿಗೂ ಒಂದೇ *1 ಬರುತ್ತದೆ. ಆ ಕೋಷ್ಟಕ ಇಲ್ಲದ ವರದಿಗೆ ಪೂರ್ತಿ ದುಡ್ಡು ಕೊಡುವುದು ನ್ಯಾಯವಲ್ಲ. ಎಚ್‌ಎಲ್‌ಎ ವಿಷಯದಲ್ಲಿ ಇದು ಇನ್ನೂ ಗಂಭೀರ: ಕೆಲವು ಪ್ಯಾನೆಲ್‌ಗಳು ಪಕ್ಕದ ಗುರುತೊಂದನ್ನು ನೋಡಿ 15:02 ಇದೆಯೋ ಇಲ್ಲವೋ ಎಂದು ಊಹಿಸುತ್ತವೆ. ಬೇರೆ ಜನಾಂಗದಲ್ಲಿ ರೂಪಿಸಿದ ಊಹೆ ನಮ್ಮಲ್ಲಿ ತಪ್ಪಬಹುದು. ನೇರ ಟೈಪಿಂಗ್ ಎಂದು ಬರೆದಿರುವುದನ್ನೇ ಕೇಳಿ ಪಡೆಯಿರಿ.

ಸ್ಯಾಂಪಲ್ ಹಂತದಲ್ಲಿ ಆಗುವ ಎಡವಟ್ಟುಗಳು ಬೇರೆ ಥರದವು. ಖಾಲಿ ಹೊಟ್ಟೆ ಬೇಕಿಲ್ಲ. ಕೆನ್ನೆಯ ಸ್ಯಾಂಪಲ್ ಆದರೆ ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕಾಫಿಯೂ ಬೇಡ. ಎಲೆಅಡಿಕೆ ಹಾಕುವವರು ಬಾಯಿ ಚೆನ್ನಾಗಿ ಮುಕ್ಕಳಿಸಿ ಕಾಯಬೇಕು. ಸುಣ್ಣ, ತಂಬಾಕಿನ ಚೂರು ಕಡ್ಡಿಗೆ ಹತ್ತಿದರೆ ಡಿಎನ್‌ಎ ಸರಿಯಾಗಿ ಬರುವುದಿಲ್ಲ, ಮತ್ತೆ ಸ್ಯಾಂಪಲ್ ಕೊಡಿ ಎಂದು ಫೋನ್ ಬರುತ್ತದೆ. ದಿನವಿಡೀ ಎಲೆಅಡಿಕೆ ಜಗಿಯುವವರು ರಕ್ತವನ್ನೇ ಕೊಡುವುದು ಒಳ್ಳೆಯದು. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಗಾಳಿಯೇ ಒದ್ದೆ. ಕಡ್ಡಿಯನ್ನು ಆರಿಸದೆ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಬೂಷ್ಟು ಹಿಡಿಯುತ್ತದೆ. ಗಂಡ ಹೆಂಡತಿ ಒಟ್ಟಿಗೆ ಸ್ಯಾಂಪಲ್ ಕೊಡುವಾಗ ಕಡ್ಡಿಗಳು ಅದಲುಬದಲಾಗುವ ಅಪಾಯವಿದೆ. ಸ್ಯಾಂಪಲ್ ತೆಗೆಯುವ ಹುಡುಗ ಬಾರ್‌ಕೋಡ್ ಸ್ಟಿಕರ್ ಅಂಟಿಸುವುದನ್ನು ಎದುರಿಗೇ ಕೂತು ನೋಡಿ, ಟ್ಯೂಬಿನ ಮೇಲಿನ ನಂಬರನ್ನೂ ಫಾರ್ಮಿನ ನಂಬರನ್ನೂ ಹೋಲಿಸಿ, ಫೋಟೊ ತೆಗೆದಿಟ್ಟುಕೊಳ್ಳಿ. ಶುಗರ್ ಪರೀಕ್ಷೆ ತಪ್ಪಿದರೆ ಮುಂದಿನ ತಿಂಗಳು ಗೊತ್ತಾಗುತ್ತದೆ. ಜೀನ್ ಪರೀಕ್ಷೆಯನ್ನು ಯಾರೂ ಎರಡನೇ ಸಲ ಮಾಡಿಸುವುದಿಲ್ಲ. ಆ ತಪ್ಪು ಜೀವಮಾನಕ್ಕೆ ಅಂಟಿಕೊಳ್ಳುತ್ತದೆ. ಮೂಳೆಮಜ್ಜೆ ಕಸಿ ಆದವರ ರಕ್ತ ದಾನಿಯ ಜೀನ್ ತೋರಿಸುತ್ತದೆ ಎಂಬುದನ್ನೂ ಫಾರ್ಮ್ ತುಂಬುವಾಗಲೇ ಹೇಳಬೇಕು. ಲ್ಯಾಬಿಗೆ ಎನ್‌ಎಬಿಎಲ್ ಎಂಬ ಗುಣಮಟ್ಟದ ಮಾನ್ಯತೆ ಇದ್ದರೆ ಸಾಲದು, ಈ ಪರೀಕ್ಷೆ ಆ ಮಾನ್ಯತೆಯ ಪಟ್ಟಿಯೊಳಗೆ ಇದೆಯೇ ಎಂದು ಕೇಳಬೇಕು. ಒಪ್ಪಿಗೆ ಪತ್ರದಲ್ಲಿ 'ಸಂಶೋಧನೆಗೆ ಬಳಸಬಹುದು' ಎಂಬ ಕಡೆ ಟಿಕ್ ಹಾಕುವುದು ನಿಮ್ಮ ಇಷ್ಟ, ಕಡ್ಡಾಯವಲ್ಲ.

ಈ ಸೇವೆಯ ದುರ್ಬಲ ಕೊಂಡಿ ಲ್ಯಾಬಿಗಿಂತ ಹೆಚ್ಚಾಗಿ ವರದಿ ಮತ್ತು ಡಾಕ್ಟರ ಮೇಜಿನ ನಡುವಿನ ಅಂತರ. ಬೆಳಗಿನಿಂದ ರೋಗಿಗಳು ಕಾದು ಕೂತಿರುವ ಕ್ಲಿನಿಕ್ಕಿನಲ್ಲಿ ಮೊಬೈಲಿನ ನಲವತ್ತು ಪುಟದ ಇಂಗ್ಲಿಷ್ ಪಿಡಿಎಫ್ ಓದಲು ಯಾರಿಗೆ ಸಮಯವಿದೆ? 'ಸರ್, ಎಲ್ಲಾ ಗ್ರೀನ್ ಇದೆ, ಏನೂ ಯೋಚ್ನೆ ಮಾಡ್ಬೇಡಿ' ಎಂದು ಲ್ಯಾಬಿನ ಕೌನ್ಸೆಲರ್ ಫೋನಿನಲ್ಲಿ ಹೇಳುವ ಮಾತು ಚೀಟಿಯೊಳಗೆ ಹೋಗುವುದಿಲ್ಲ. ಯುರೋಪಿನ ಏಳು ದೇಶಗಳಲ್ಲಿ 6,944 ರೋಗಿಗಳ ಮೇಲೆ 12 ಜೀನುಗಳ ಪ್ಯಾನೆಲ್ ಬಳಸಿ ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಔಷಧ ಬದಲಿಸಬೇಕಾದ ಜೀನ್ ಇದ್ದವರಲ್ಲಿ ಅಡ್ಡಪರಿಣಾಮ ಶೇ 27.7ರಿಂದ ಶೇ 21ಕ್ಕೆ ಇಳಿದಿತ್ತು. ಅಂಥ ಜೀನ್ ಇಲ್ಲದವರನ್ನೂ ಸೇರಿಸಿದ ಒಟ್ಟು ಲೆಕ್ಕದಲ್ಲೂ ಇಳಿಕೆ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ಪೂರ್ತಿ ಶ್ರೇಯಸ್ಸು ಜೀನಿಗೆ ಕೊಡಲಾಗದು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಅಲ್ಲಿಂದ ಕಲಿಯಬೇಕಾದ ಎರಡು ಸಂಗತಿಗಳಿವೆ. ಪ್ರತಿಯೊಬ್ಬ ರೋಗಿಗೂ ಹೊಸದಾಗಿ ಒಂದು ಔಷಧ ಬರೆಯುವ ಹೊತ್ತಿನಲ್ಲೇ ಪರೀಕ್ಷೆ ಮಾಡಿದರು. ಫಲಿತಾಂಶವನ್ನು ಜೇಬಿನಲ್ಲಿಟ್ಟುಕೊಳ್ಳುವ ಪ್ಲಾಸ್ಟಿಕ್ ಕಾರ್ಡಿಗೆ ಇಳಿಸಿ ಕೊಟ್ಟರು. ಇಲ್ಲಿ ಆ ಕಾರ್ಡನ್ನು ನೀವೇ ಮಾಡಿಕೊಳ್ಳಬೇಕು. ಅರ್ಧ ಹಾಳೆಯಲ್ಲಿ ಜೀನಿನ ಹೆಸರು, *1/*2 ಥರದ ಜೋಡಿ, ಲ್ಯಾಬಿನ ಹೆಸರು, ತಾರೀಕು, ತಪ್ಪಿಸಬೇಕಾದ ಔಷಧ ಬರೆದು ಲ್ಯಾಮಿನೇಟ್ ಮಾಡಿಸಿ ಚೀಟಿಗಳ ಫೈಲಿನ ಮೊದಲ ಹಾಳೆಯಾಗಿ ಇಡಿ. ಮೆಡಿಕಲ್ ಶಾಪಿನವರಿಗೂ ಅದನ್ನೇ ತೋರಿಸಿ.

ದೊಡ್ಡ ಪ್ಯಾನೆಲ್‌ಗಿಂತ ಅಗ್ಗದ ಎರಡು ರಕ್ತಪರೀಕ್ಷೆ ಕೆಲವರಿಗೆ ಹೆಚ್ಚು ಮುಖ್ಯ. ವೈವಾಕ್ಸ್ ಮಲೇರಿಯಾಕ್ಕೆ 14 ದಿನದ ಪ್ರಿಮಾಕ್ವಿನ್ ಕೊಡುವ ಮುಂಚೆ ಜಿ6ಪಿಡಿ ಕಿಣ್ವದ ಮಟ್ಟ ನೋಡಿದರೆ ಸಾಕು, ಜೀನ್ ಬೇಡ. ಈ ಕಿಣ್ವ ಕಡಿಮೆ ಇದ್ದವರಲ್ಲಿ ಆ ಮಾತ್ರೆ ರಕ್ತಕಣ ಒಡೆಯುತ್ತದೆ. ರಕ್ತಕಣ ಒಡೆಯುತ್ತಿರುವಾಗಲೇ ನೋಡಿದರೆ ಮಾತ್ರ ಅದು ಸುಳ್ಳು ನಾರ್ಮಲ್ ತೋರಿಸುತ್ತದೆ. ಇನ್ನೊಂದು ಸ್ಯೂಡೊಕೊಲಿನೆಸ್ಟರೇಸ್ ಎಂಬ ಕಿಣ್ವ. ಆಪರೇಷನ್ನಿನಲ್ಲಿ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೊಲಿನ್ ಕೊಟ್ಟಾಗ ಉಸಿರಾಟ ಬಹಳ ಹೊತ್ತು ಮರಳದ ಸಮಸ್ಯೆಗೆ ಕಾರಣವಾಗುವ ಇದರ ಕೊರತೆ ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚು ಎಂಬುದು ದಾಖಲಾದ ಸಂಗತಿ. ಅನೇಕ ಪ್ಯಾನೆಲ್‌ಗಳಲ್ಲಿ ಇದರ ಜೀನೇ ಇಲ್ಲ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆ ಬಿಡಲು ತಡವಾದದ್ದಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಹೇಳಿ, ಆ ಕಿಣ್ವದ ಪರೀಕ್ಷೆ ಮಾಡಿಸಿ.

ಮನೆಮಂದಿಯ ವಿಷಯ ಬಂದದ್ದರಿಂದ ಫ್ಯಾಮಿಲಿ ಪ್ಯಾಕೇಜಿನ ಬಗ್ಗೆ: ಇಡೀ ಮನೆಗೆ ರಿಯಾಯಿತಿ ಎಂದರೂ ಕೊಳ್ಳುವ ಅಗತ್ಯವಿಲ್ಲ. ಒಬ್ಬರಿಗೆ 15:02 ಇದೆ ಎಂದು ಗೊತ್ತಾದರೆ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಲ್ಲಿ ಒಬ್ಬೊಬ್ಬರಿಗೂ ಅದು ಇರುವ ಸಾಧ್ಯತೆ ಸುಮಾರು ಅರ್ಧದಷ್ಟು. ಅವರಿಗೆ ಆ ಕಾರ್ಡಿನ ಫೋಟೊ ಕಳಿಸಿ; ಅವರಲ್ಲಿ ಯಾರಿಗಾದರೂ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಬರೆಯುವ ದಿನ ಬಂದರೆ ಆ ಒಂದೇ ಜೀನಿನ ಪರೀಕ್ಷೆ ಮಾಡಿಸಿದರೆ ಸಾಕು.